ಅಜ್ಜಿಯ ಬಳೆ, ವಕೀಲರ ಫೀಸು

ಹುಣಸೆ ಮರದ ಬಗ್ಗೆ ಬರೆಯುತ್ತೇನೆ ಎಂದು ಹೋದ ವಾರ ಮಾತು ಕೊಟ್ಟಿದ್ದೆ. ಅದು ಮುಂದಿನ ವಾರಕ್ಕಿರಲಿ. ಈ ಸಲದ ಅಂಚೆಯಲ್ಲಿ ನೋಟ್‌ಬುಕ್ಕಿನಿಂದ ಹರಿದ ಒಂದು ಹಾಳೆ ಬಂದಿದೆ. ಅದಕ್ಕೆ ಉತ್ತರ ತಡವಾಗಬಾರದು.

ಬರೆದವಳು ಏಳನೇ ತರಗತಿಯ ಹುಡುಗಿ. "ಹೆಸರು, ಊರು ಹಾಕಬೇಡಿ ತಾತ" ಎಂದು ಮೊದಲ ಸಾಲಿನಲ್ಲೇ ಬರೆದು, ಅದರ ಕೆಳಗೆ ಎರಡು ಗೆರೆ ಎಳೆದಿದ್ದಾಳೆ. ಹಾಕುವುದಿಲ್ಲ ಮಗೂ. ಅವಳು ಬರೆದ ಸಂಗತಿ ಇಷ್ಟು. ಎರಡು ವರ್ಷದ ಹಿಂದೆ ಅಮ್ಮ ಅವಳನ್ನೂ ತಮ್ಮನನ್ನೂ ಕರೆದುಕೊಂಡು ಅಜ್ಜಿಯ ಮನೆಗೆ ಬಂದರು. ಅಪ್ಪ ಫೋನು ಎತ್ತುವುದಿಲ್ಲ, ದುಡ್ಡೂ ಕಳಿಸುವುದಿಲ್ಲ. ಅಮ್ಮ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಕೋರ್ಟಿಗೆ ಹಾಕೋಣ ಎಂದು ಅಜ್ಜಿ ತಾಲ್ಲೂಕು ಕೋರ್ಟಿನವರೆಗೆ ಹೋಗಿ ಬಂದರಂತೆ. ಗೇಟಿನ ಬಳಿ ಟೀ ಅಂಗಡಿಯಲ್ಲಿ ಸಿಕ್ಕ ಒಬ್ಬರು, "ನಲವತ್ತು ಸಾವಿರ ರೆಡಿ ಮಾಡ್ಕೊಂಡು ಬನ್ನಿ ಅಮ್ಮ, ಒಳ್ಳೇ ವಕೀಲರನ್ನ ನಾನೇ ಮಾಡಿಸಿಕೊಡ್ತೀನಿ" ಎಂದರಂತೆ. ಅಂದಿನಿಂದ ಅಜ್ಜಿ ಕೈಗೆ ಸೋಪು ಹಚ್ಚಿ ಎರಡು ಬಳೆ ಬಿಚ್ಚಿ ಡಬ್ಬಿಯಲ್ಲಿ ಇಟ್ಟಿದ್ದಾರೆ. ಯುಗಾದಿ ಕಳೆದ ಮೇಲೆ ಗಿರವಿ ಇಡುತ್ತಾರಂತೆ.

"ತಾತ, ದುಡ್ಡಿಲ್ಲದವರು ವಕೀಲರನ್ನ ಹೇಗೆ ಹುಡುಕ್ತಾರೆ? ಇನ್ನೊಂದು ಪ್ರಶ್ನೆ. ಜಡ್ಜು ನನ್ನನ್ನ ಕರೆದು ನೀನು ಯಾರ ಜೊತೆ ಇರ್ತೀಯ ಅಂತ ಕೇಳ್ತಾರಾ?"

ಎರಡನೆಯದಕ್ಕೆ ಆಮೇಲೆ ಬರುತ್ತೇನೆ. ಮೊದಲನೆಯದಕ್ಕೆ ಉತ್ತರ ನಿನ್ನ ಅಜ್ಜಿಗೆ ಇವತ್ತೇ ಓದಿ ಹೇಳು. ಬಳೆಗಳನ್ನು ಡಬ್ಬಿಯಿಂದ ತೆಗೆದು ಮತ್ತೆ ಕೈಗೆ ಹಾಕಿಕೊಳ್ಳಲಿ. ನಿನ್ನ ಅಮ್ಮನಿಗೆ ವಕೀಲರನ್ನು ಕೊಡುವ ಜವಾಬ್ದಾರಿ ಈ ದೇಶದಲ್ಲಿ ಸರ್ಕಾರದ್ದು. ಅದಕ್ಕಾಗಿ ಒಂದು ಕಾನೂನೇ ಇದೆ. ಅದರ ಹೆಸರು ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ. ಸಂಸತ್ತು ಅದನ್ನು ಮಾಡಿದ್ದು 1987ರಲ್ಲಿ, ಜಾರಿಗೆ ಬಂದದ್ದು 1995ರ ನವೆಂಬರ್ 9ರಂದು. ಆ ದಿನವನ್ನೇ ಈಗ ಕಾನೂನು ಸೇವೆಗಳ ದಿನ ಎಂದು ಆಚರಿಸುತ್ತಾರೆ. ನಿಮ್ಮ ಶಾಲೆಗೂ ಯಾರಾದರೂ ವಕೀಲರು ಬಂದು ಭಾಷಣ ಮಾಡಿ, ನೀವೆಲ್ಲ ಚಪ್ಪಾಳೆ ತಟ್ಟಿ, ಮರೆತಿರಬಹುದು.

ಆ ಕಾಯ್ದೆಯ 12ನೇ ಕಲಮಿನಲ್ಲಿ ಯಾರ್ಯಾರಿಗೆ ಉಚಿತವಾಗಿ ವಕೀಲರನ್ನು ಕೊಡಬೇಕು ಎಂಬ ಪಟ್ಟಿ ಇದೆ. ಪರಿಶಿಷ್ಟ ಜಾತಿ, ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ಬಂಧನದಲ್ಲಿ ಇರುವವರು, ನೆರೆ ಬರ ಭೂಕಂಪಕ್ಕೆ ಸಿಕ್ಕಿದವರು, ಹೀಗೆ. ಆ ಪಟ್ಟಿಯ ನಡುವೆ ಎರಡೇ ಪದಗಳಲ್ಲಿ ಇನ್ನೊಂದು ಗುಂಪು ಇದೆ: ಹೆಂಗಸರು ಮತ್ತು ಮಕ್ಕಳು. ಬಡ ಹೆಂಗಸರು ಎಂದು ಬರೆದಿಲ್ಲ. ಕೆಲಸ ಇಲ್ಲದ ಹೆಂಗಸರು ಎಂದೂ ಇಲ್ಲ. ಹೆಂಗಸಾದರೆ ಸಾಕು, ಮಗುವಾದರೆ ಸಾಕು. ಗಾರ್ಮೆಂಟ್ಸ್ ಸಂಬಳ ಎಷ್ಟು, ಮನೆಯಲ್ಲಿ ಟಿವಿ ಇದೆಯಾ, ಅಣ್ಣನಿಗೆ ಜಮೀನು ಎಷ್ಟಿದೆ ಎಂದು ಕೇಳಿ ಬಾಗಿಲು ಹಾಕುವ ಹಾಗಿಲ್ಲ. ಆದಾಯದ ಮಿತಿ ಇರುವುದು ಈ ಪಟ್ಟಿಯ ಯಾವ ಗುಂಪಿಗೂ ಸೇರದ ಉಳಿದವರಿಗೆ. ಅದನ್ನು ರಾಜ್ಯ ಸರ್ಕಾರ ಗೊತ್ತುಮಾಡುತ್ತದೆ, ಆಗಾಗ ಬದಲಾಗುತ್ತದೆ. ಅಜ್ಜಂದಿರು ತಮ್ಮ ವಿಷಯಕ್ಕೆ ಹೋಗುವುದಾದರೆ ಆಗಿನ ಮಿತಿ ಎಷ್ಟೆಂದು ಕಚೇರಿಯಲ್ಲೇ ಕೇಳಿಕೊಳ್ಳಬೇಕು.

ಕೋರ್ಟಿನಲ್ಲಿ ಬಹಳ ವರ್ಷ ಶಿರಸ್ತೇದಾರನಾಗಿ ಕೂತವನು ನಾನು. ಈ ಮಾತನ್ನು ಎಷ್ಟು ಜನಕ್ಕೆ ಹೇಳಿದ್ದೇನೋ ಲೆಕ್ಕವಿಲ್ಲ. ಹೇಳಿದಾಗಲೆಲ್ಲ ಎದುರಿಗಿದ್ದವರ ಮುಖದಲ್ಲಿ ಅದೇ ಅನುಮಾನ: "ಸುಮ್ನೆ ಕೊಡ್ತಾರಾ ಸ್ವಾಮಿ?" ಒಬ್ಬ ತಾಯಿ ರೇಷನ್ ಅಂಗಡಿಯ ಚೀಲದಲ್ಲಿ ಕಾಗದಗಳನ್ನು ತುಂಬಿಕೊಂಡು ಬಂದಿದ್ದರು. ಮಗಳ ಜೀವನಾಂಶದ ಕೇಸು. ಉಚಿತ ವಕೀಲರ ವಿಷಯ ಹೇಳಿದರೆ ಆಕೆಗೆ ಸಂತೋಷವಾಗಲಿಲ್ಲ, ಅವಮಾನವಾಯಿತು. "ನಾವು ಭಿಕ್ಷೆಗೆ ಬಂದೋರಲ್ಲ" ಎಂದರು. ಸರ್ಕಾರಿ ಶಾಲೆಯಲ್ಲಿ ಓದುವುದು ಭಿಕ್ಷೆಯೇ, ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಭಿಕ್ಷೆಯೇ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾವ ರೂಮು ತೋರಿಸಿ" ಎಂದರು.

ಆ ರೂಮು ಎಲ್ಲಿದೆ ಎಂಬುದೇ ಬಹಳ ಜನರಿಗೆ ಗೊತ್ತಿರುವುದಿಲ್ಲ. ತಾಲ್ಲೂಕು ಕೋರ್ಟಿನ ಆವರಣದಲ್ಲಿ 'ತಾಲ್ಲೂಕು ಕಾನೂನು ಸೇವಾ ಸಮಿತಿ' ಎಂಬ ಬೋರ್ಡು ಹುಡುಕಿ. ಕೆಲವು ಕಡೆ ದೊಡ್ಡದಾಗಿ ಕಾಣುತ್ತದೆ, ಕೆಲವು ಕಡೆ ಮೆಟ್ಟಿಲ ಕೆಳಗೆ, ರೆಕಾರ್ಡ್ ರೂಮಿನ ಪಕ್ಕದಲ್ಲಿ ಅಡಗಿಕೊಂಡಿರುತ್ತದೆ. ಆ ತಾಲ್ಲೂಕಿನ ಅತಿ ಹಿರಿಯ ನ್ಯಾಯಾಧೀಶರೇ ಆ ಸಮಿತಿಯ ಅಧ್ಯಕ್ಷರು. ಜಿಲ್ಲೆಯ ಕೋರ್ಟಿನಲ್ಲಿ 'ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ' ಇದೆ, ಅದಕ್ಕೆ ಜಿಲ್ಲಾ ನ್ಯಾಯಾಧೀಶರು ಅಧ್ಯಕ್ಷರು. ರಾಜ್ಯದ ಪ್ರಾಧಿಕಾರ ಬೆಂಗಳೂರಿನ ನ್ಯಾಯದೇಗುಲ ಎಂಬ ಕಟ್ಟಡದಲ್ಲಿದೆ. ಅಷ್ಟು ದೂರ ಹೋಗುವ ಅಗತ್ಯವಿಲ್ಲ. ಯಾವ ಬೋರ್ಡೂ ಕಾಣದಿದ್ದರೆ ಫೋನಿನಿಂದ 15100 ಒತ್ತಿ. ಕಾನೂನು ನೆರವಿಗೆಂದೇ ಇರುವ ದೇಶದ ಸಹಾಯವಾಣಿ ಅದು, ಶುಲ್ಕವಿಲ್ಲ. ಮಕ್ಕಳೇ, ಈ ನಂಬರನ್ನು ಗೋಡೆಯ ಕ್ಯಾಲೆಂಡರ್ ಮೇಲೆ ಬರೆದಿಡಿ. ನಿಮ್ಮ ಮನೆಗೆ ಬೇಕಾಗದಿದ್ದರೂ ಪಕ್ಕದ ಮನೆಗೆ ಬೇಕಾಗಬಹುದು.

ಅರ್ಜಿಗೆ ಛಾಪಾ ಕಾಗದ ಬೇಡ. ಬಿಳಿ ಹಾಳೆಯಲ್ಲಿ ಕನ್ನಡದಲ್ಲೇ ಬರೆದುಕೊಡಬಹುದು. ಬರೆಯಲು ಬಾರದವರು ಬಾಯಲ್ಲಿ ಹೇಳಿದರೂ ಆಯಿತು, ಅಲ್ಲಿನ ಸಿಬ್ಬಂದಿಯೋ ಅರೆಕಾನೂನು ಸ್ವಯಂಸೇವಕರೋ ಬರೆದುಕೊಳ್ಳಬೇಕು. ಸಂಗತಿಯಲ್ಲಿ ಹುರುಳಿದೆಯೇ ಎಂದು ನೋಡಿ ಒಬ್ಬ ವಕೀಲರನ್ನು ಗೊತ್ತುಮಾಡುತ್ತಾರೆ. ಅವರನ್ನು ಪ್ಯಾನೆಲ್ ವಕೀಲರು ಎನ್ನುತ್ತಾರೆ. ಅವರ ಫೀಸನ್ನು ಪ್ರಾಧಿಕಾರ ಕೊಡುತ್ತದೆ. ಕೋರ್ಟ್ ಫೀ, ನೋಟೀಸು ಕಳಿಸುವ ಖರ್ಚು, ತೀರ್ಪಿನ ದೃಢೀಕೃತ ಪ್ರತಿಯ ಖರ್ಚು ಇವೂ ಅದರಲ್ಲೇ ಬರುತ್ತವೆ. ಹಾಗಾಗಿ ಆ ವಕೀಲರು ನಿಮ್ಮಿಂದ ಏನನ್ನೂ ಕೇಳುವಂತಿಲ್ಲ, "ಟೈಪಿಂಗ್‌ಗೆ ಸ್ವಲ್ಪ" ಎಂದೂ ಕೇಳುವಂತಿಲ್ಲ. ಕೇಳಿದರೆ ಸಮಿತಿಯ ಅಧ್ಯಕ್ಷರಿಗೆ ಒಂದು ಚೀಟಿ ಬರೆದು ಕೊಡಿ. ಕೆಲಸ ಸರಿಯಿಲ್ಲ ಎಂದು ಕಂಡರೂ ಅಷ್ಟೇ, ವಕೀಲರನ್ನು ಬದಲಾಯಿಸಿಕೊಡಿ ಎಂದು ಕೇಳಬಹುದು. ಅರ್ಜಿಯನ್ನೇ ತಿರಸ್ಕರಿಸಿದರೆ ಅದರ ಮೇಲೂ ಮನವಿ ಸಲ್ಲಿಸಲು ದಾರಿಯಿದೆ.

ಹೆಂಗಸು ವಕೀಲರೇ ಬೇಕು ಎಂದು ಕೇಳಬಹುದೇ? ಖಂಡಿತ ಕೇಳಬಹುದು, ಪಟ್ಟಿಯಲ್ಲಿ ಇದ್ದರೆ ಕೊಡುತ್ತಾರೆ. ಮನೆಯ ಒಳಗಿನ ಮಾತನ್ನು ಗಂಡಸಿನ ಮುಂದೆ ಹೇಳಲು ಎಷ್ಟೋ ಜನರಿಗೆ ನಾಲಿಗೆ ಏಳುವುದಿಲ್ಲ. ನೂರು ವರ್ಷದ ಹಿಂದೆ ಈ ಅನುಕೂಲವೇ ಇರಲಿಲ್ಲ. ನಾಸಿಕದಲ್ಲಿ 1866ರಲ್ಲಿ ಹುಟ್ಟಿದ ಕಾರ್ನೇಲಿಯಾ ಸೊರಾಬ್ಜಿ ಎಂಬಾಕೆ ಆಕ್ಸ್‌ಫರ್ಡ್‌ನಲ್ಲಿ ಕಾನೂನು ಓದಿ ಬಂದರೂ ಕೋರ್ಟಿನಲ್ಲಿ ನಿಂತು ವಾದಿಸಲು ಬಿಡಲಿಲ್ಲ. ಪರದೆಯ ಹಿಂದೆ ಇರುತ್ತಿದ್ದ ವಿಧವೆಯರಿಗೂ ತಬ್ಬಲಿ ಮಕ್ಕಳಿಗೂ ಆಸ್ತಿ ಉಳಿಸಿಕೊಡುವ ಸಲಹೆಗಾರ್ತಿಯಾಗಿ ಆಕೆ ಬಂಗಾಳದ ಕಡೆ ವರ್ಷಗಟ್ಟಲೆ ಓಡಾಡಿದರು. ಹೆಂಗಸರೂ ವಕೀಲಿ ಮಾಡಬಹುದು ಎಂಬ ಕಾನೂನು ಬಂದದ್ದು 1923ರಲ್ಲಿ. ಈಗ ನಿಮ್ಮ ತಾಲ್ಲೂಕು ಕೋರ್ಟಿಗೆ ಹೋಗಿ ನೋಡಿ, ಕರಿಕೋಟಿನ ಹೆಣ್ಣುಮಕ್ಕಳು ಎಷ್ಟು ಜನ!

ಅಜ್ಜಿ ಯುಗಾದಿಯವರೆಗೆ ಕಾಯುತ್ತಾರೆ ಎಂದು ಬರೆದಿದ್ದೀಯಲ್ಲ, ನನಗೆ ಹೆಚ್ಚು ಆತಂಕವಾದದ್ದು ಅದೇ. ಬಳೆಗಿಂತ ಕಾಯುವುದರ ನಷ್ಟ ದೊಡ್ಡದು. ಹೆಂಡತಿ ಮಕ್ಕಳಿಗೆ ತಿಂಗಳು ತಿಂಗಳು ಕೊಡಬೇಕಾದ ಹಣಕ್ಕೆ ಜೀವನಾಂಶ ಎನ್ನುತ್ತಾರೆ. ಕೋರ್ಟು ಆ ಹಣವನ್ನು ಯಾವತ್ತಿನಿಂದ ಲೆಕ್ಕ ಹಾಕಬೇಕು? ಅರ್ಜಿ ಹಾಕಿದ ದಿನದಿಂದ ಎಂದು ಸುಪ್ರೀಂ ಕೋರ್ಟು 2020ರ ನವೆಂಬರ್‌ನಲ್ಲಿ ಖಚಿತವಾಗಿ ಹೇಳಿದೆ. ತೀರ್ಪು ಎರಡು ವರ್ಷ ಬಿಟ್ಟು ಬಂದರೂ ಎಣಿಕೆ ಅರ್ಜಿಯ ತಾರೀಖಿನಿಂದಲೇ. ಅಂದರೆ ಅರ್ಜಿ ಹಾಕದೆ, ಫೀಸು ಹೊಂದಿಸುತ್ತಾ ಕಳೆದ ತಿಂಗಳುಗಳು ಲೆಕ್ಕಕ್ಕೆ ಬರುವುದಿಲ್ಲ. ನಿನಗೂ ತಮ್ಮನಿಗೂ ಬರಬೇಕಾದ ಆ ತಿಂಗಳುಗಳ ಹಾಲು, ಪುಸ್ತಕ, ಬಸ್ ಪಾಸು ಹೋದಂತೆಯೇ. ಅದೇ ತೀರ್ಪಿನಲ್ಲಿ ಇನ್ನೊಂದು ಒಳ್ಳೆಯ ಕೆಲಸ ಮಾಡಿದರು. ಗಂಡ ಹೆಂಡತಿ ಇಬ್ಬರೂ ತಮ್ಮ ಸಂಪಾದನೆ, ಆಸ್ತಿ, ಸಾಲಗಳ ಪಟ್ಟಿಯನ್ನು ಪ್ರಮಾಣ ಮಾಡಿ ಕೊಡಬೇಕು. "ನನಗೆ ಏನೂ ಸಂಪಾದನೆ ಇಲ್ಲ" ಎಂದು ಬಾಯಿಮಾತಲ್ಲಿ ಹೇಳಿ ತಪ್ಪಿಸಿಕೊಳ್ಳುವುದು ಈಗ ಮೊದಲಿನಷ್ಟು ಸುಲಭವಲ್ಲ.

ಹಿಂದೆ 125ನೇ ಕಲಂ ಎಂದು ಊರೆಲ್ಲ ಕರೆಯುತ್ತಿದ್ದ ಜೀವನಾಂಶದ ನಿಯಮ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಆಗಿದೆ. ನಂಬರು ಬದಲಾಯಿತು, ಹೂರಣ ಅದೇ. ಅರ್ಜಿಯನ್ನು ಅಪ್ಪ ಇರುವ ಊರಿನಲ್ಲೇ ಹಾಕಬೇಕೆಂದಿಲ್ಲ. ಅಮ್ಮ ಈಗ ಇರುವ ಊರಿನ ವ್ಯಾಪ್ತಿಯ ಕೋರ್ಟಿನಲ್ಲೇ ಹಾಕಬಹುದು. ಕೌಟುಂಬಿಕ ನ್ಯಾಯಾಲಯ ಇದ್ದರೆ ಅಲ್ಲಿ, ಇಲ್ಲದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ. ಕೇಸು ಮುಗಿಯುವ ತನಕ ಹೊಟ್ಟೆ ಕಾಯುವುದಿಲ್ಲವಲ್ಲ, ಅದಕ್ಕೆ ಮಧ್ಯಂತರ ಜೀವನಾಂಶ ಕೇಳಬಹುದು. ಎದುರು ಪಕ್ಷಕ್ಕೆ ನೋಟೀಸು ಮುಟ್ಟಿದ 60 ದಿನದಲ್ಲಿ ಅದನ್ನು ಸಾಧ್ಯವಾದಷ್ಟು ಮಟ್ಟಿಗೆ ತೀರ್ಮಾನಿಸಬೇಕು ಎಂದು ಕಾನೂನಿನಲ್ಲಿದೆ. 'ಸಾಧ್ಯವಾದಷ್ಟು' ಎಂಬ ಪದ ಎಷ್ಟು ಎಳೆಯುತ್ತದೆ ಎಂದು ಕೋರ್ಟಿನಲ್ಲಿ ಕೆಲಸ ಮಾಡಿದ ನನಗೆ ಗೊತ್ತು. ಆದರೂ ಕೇಳದೆ ಇದ್ದರೆ ಅದೂ ಇಲ್ಲ. ಅಮ್ಮನಿಗೆ ಹೊಡೆತ, ಬೆದರಿಕೆ ಏನಾದರೂ ಇದ್ದರೆ ಅದು ಬೇರೆ ಕಾನೂನು, 2005ರದು. ಅದಕ್ಕೆ ತಾಲ್ಲೂಕಿನ ಸಿಡಿಪಿಒ ಕಚೇರಿಗೆ ಹೋಗಬೇಕು. ಅಂಗನವಾಡಿ ಟೀಚರನ್ನು ಕೇಳಿದರೆ ದಾರಿ ತೋರಿಸುತ್ತಾರೆ.

ಇನ್ನು ಟೀ ಅಂಗಡಿಯ ಆ ಮನುಷ್ಯನ ವಿಷಯ. ವಕೀಲರು ಜಾಹೀರಾತು ಕೊಡುವಂತಿಲ್ಲ, ಇದು ಬಾರ್ ಕೌನ್ಸಿಲ್ಲಿನ ನಿಯಮ. ಸೋಪು, ಟೂತ್‌ಪೇಸ್ಟಿನ ಹಾಗೆ "ಗೆಲುವು ಗ್ಯಾರಂಟಿ" ಎಂದು ಬೋರ್ಡು ಹಾಕಬಾರದು, ದಲ್ಲಾಳಿಗಳನ್ನು ಬಿಟ್ಟು ಕಕ್ಷಿದಾರರನ್ನು ಹಿಡಿಸಬಾರದು. ಒಳ್ಳೆಯ ನಿಯಮವೇ. ಆದರೆ ಅದರಿಂದ ಒಂದು ತೊಂದರೆಯೂ ಆಗಿದೆ. ಹಳ್ಳಿಯಿಂದ ಬಂದವರಿಗೆ ಯಾವ ವಕೀಲರು ಎಲ್ಲಿದ್ದಾರೆ, ಯಾರು ಯಾವ ಕೇಸು ನೋಡುತ್ತಾರೆ ಎಂದು ಗೊತ್ತಾಗುವುದೇ ಇಲ್ಲ. ಆ ಕತ್ತಲಲ್ಲೇ ದಲ್ಲಾಳಿ ತನ್ನ ಟಾರ್ಚು ಹಿಡಿದು ನಿಂತಿರುತ್ತಾನೆ. ಅವನು ಕೇಳುವ ನಲವತ್ತು ಸಾವಿರದಲ್ಲಿ ಎಷ್ಟು ಅವನ ಜೇಬಿಗೆ, ಎಷ್ಟು ವಕೀಲರ ಮೇಜಿಗೆ ಎಂಬುದು ಅವನಿಗೇ ಗೊತ್ತು. ಇಂಥವರ ಪಟ್ಟಿ ಮಾಡಿ ಕೋರ್ಟಿನ ಆವರಣದಿಂದ ಹೊರಗೆ ಹಾಕುವ ಅಧಿಕಾರ ನ್ಯಾಯಾಧೀಶರಿಗೆ ಇದೆ. ಆದರೆ ಅವನು ಆವರಣದ ಹೊರಗೇ, ಟೀ ಅಂಗಡಿಯಲ್ಲೇ ಕೂರುತ್ತಾನೆ, ನೋಡಿ!

ಒಬ್ಬ ಒಳ್ಳೆಯ ವಕೀಲರು ಫೀಸು ತೆಗೆದುಕೊಳ್ಳುವುದರಲ್ಲಿ ತಪ್ಪೇನಿಲ್ಲ. ಅವರೂ ಆಫೀಸು ಬಾಡಿಗೆ ಕಟ್ಟಬೇಕು, ಗುಮಾಸ್ತರಿಗೆ ಸಂಬಳ ಕೊಡಬೇಕು, ಅವರ ಮನೆಯಲ್ಲೂ ಶಾಲೆಗೆ ಹೋಗುವ ಮಕ್ಕಳಿದ್ದಾರೆ. ಉಚಿತ ವಕೀಲರೆಲ್ಲ ಅರೆಮನಸ್ಸಿನವರು, ದುಡ್ಡು ತೆಗೆದುಕೊಳ್ಳುವವರೆಲ್ಲ ಜಾಣರು ಎಂಬ ನಂಬಿಕೆ ಮಾತ್ರ ಬರೀ ಹುಸಿ. ಪ್ಯಾನೆಲ್ಲಿನಲ್ಲಿ ತುಂಬ ಶ್ರದ್ಧೆಯಿಂದ ಕೆಲಸ ಮಾಡುವ ಕಿರಿಯ ವಕೀಲರನ್ನು ನಾನು ಕಂಡಿದ್ದೇನೆ. ಕೈತುಂಬ ಕೇಸಿಟ್ಟುಕೊಂಡು ಯಾವ ಕೇಸಿಗೂ ಸಮಯ ಸಾಲದವರನ್ನೂ ಕಂಡಿದ್ದೇನೆ. ಅವರಿಗೆ ಸಿಗುವ ಗೌರವಧನ ಕಡಿಮೆ, ಇದನ್ನು ಮುಚ್ಚಿಡಬಾರದು. ಹಾಗಾಗಿ ಕೇಸನ್ನು ಅವರ ಮೇಲೆ ಹಾಕಿ ಮನೆಗೆ ಹೋಗಿ ಮಲಗಿದರೆ ಆಗದು. ಪ್ರತಿ ವಾಯಿದೆಗೆ ಎರಡು ದಿನ ಮೊದಲು ಒಂದು ಫೋನು, ವಾಯಿದೆಯ ದಿನ ಕೋರ್ಟಿನಲ್ಲಿ ಹಾಜರಿ. ರೇಷನ್ ಚೀಲದ ಆ ತಾಯಿ ಒಂದೇ ಒಂದು ವಾಯಿದೆ ತಪ್ಪಿಸಲಿಲ್ಲ. ಕಾರಿಡಾರಿನ ಅದೇ ಬೆಂಚಿನ ಮೇಲೆ ಕೂತಿರುತ್ತಿದ್ದರು. ಅವರ ವಕೀಲೆ ಬಂದ ಕೂಡಲೇ ಎದ್ದು ನಿಂತು, ಮಗಳ ಕೈಯಿಂದ ಕಾಗದಗಳನ್ನು ಕೊಡಿಸುತ್ತಿದ್ದರು. ಆ ಹುಡುಗಿಗೂ ಮಗುವಿಗೂ ಮಧ್ಯಂತರ ಜೀವನಾಂಶ ಆಯಿತು. ಮೊದಲ ಹಣ ಬಂದ ವಾರ ಆಕೆ ನನ್ನ ಮೇಜಿನ ಮೇಲೆ ನಾಲ್ಕು ಒಬ್ಬಟ್ಟು ಇಟ್ಟು ಹೋದರು. ಸರ್ಕಾರಿ ನೌಕರ ಏನೂ ತೆಗೆದುಕೊಳ್ಳುವಂತಿಲ್ಲ ಎಂದು ಕೂಗಿ ಹೇಳುವುದರೊಳಗೆ ಮೆಟ್ಟಿಲು ಇಳಿದಿದ್ದರು. ಒಬ್ಬಟ್ಟನ್ನು ಬೆಂಚ್ ಕ್ಲರ್ಕಿಗೂ ಅಮೀನರಿಗೂ ಹಂಚಿ ಕೈ ತೊಳೆದುಕೊಂಡೆ.

ದುಡ್ಡು ಕೊಟ್ಟೇ ವಕೀಲರನ್ನು ಇಟ್ಟುಕೊಳ್ಳುತ್ತೇವೆ ಎನ್ನುವ ಮನೆಗಳಿಗೆ ಕೆಲವು ಮಾತು. ಹುಡುಕುವುದು ಹೀಗೆ: ನಿಮ್ಮ ಊರಿನಲ್ಲಿ ಇಂಥದೇ ಕೇಸು ನಡೆಸಿದ ಒಂದಿಬ್ಬರನ್ನು ಕೇಳಿ. ಗೆದ್ದರಾ ಎಂದು ಕೇಳಬೇಡಿ. ವಕೀಲರು ಫೋನು ಎತ್ತುತ್ತಿದ್ದರಾ, ವಾಯಿದೆಗೆ ತಾವೇ ಬರುತ್ತಿದ್ದರಾ, ಕೇಳಿದ್ದಕ್ಕೆ ತಿಳಿಯುವ ಹಾಗೆ ಉತ್ತರ ಕೊಡುತ್ತಿದ್ದರಾ ಎಂದು ಕೇಳಿ. ಜಮೀನಿನ ಕೇಸಿನಲ್ಲಿ ಹೆಸರು ಮಾಡಿದವರು ಸಂಸಾರದ ಕೇಸಿಗೂ ಒಳ್ಳೆಯವರು ಎಂದೇನಿಲ್ಲ. ಕಿವಿ, ಮೂಗು, ಗಂಟಲಿನ ಡಾಕ್ಟರ ಬಳಿ ಮಂಡಿನೋವು ತೋರಿಸಿದ ಹಾಗಾಗುತ್ತದೆ. ಆಮೇಲೆ ಅವರ ಆಫೀಸಿಗೆ ಹೋಗಿ ಮೊದಲ ದಿನವೇ ನಾಚಿಕೆ ಬಿಟ್ಟು ಮಾತಾಡಿ: ಕೇಸು ಪೂರ್ತಿಗೆ ಒಟ್ಟು ಎಷ್ಟು, ಅಥವಾ ವಾಯಿದೆಗೆ ಎಷ್ಟು? ಟೈಪಿಂಗು, ಜೆರಾಕ್ಸು, ನೋಟೀಸು ಅದರಲ್ಲೇ ಬಂತಾ? ಮೂರು ಕಂತಿನಲ್ಲಿ ಕೊಡಬಹುದಾ? ನೀವೇ ಬರುತ್ತೀರಾ, ಜೂನಿಯರ್ ಬರುತ್ತಾರಾ? ಇಷ್ಟಕ್ಕೆ ಸಿಟ್ಟು ಮಾಡಿಕೊಳ್ಳುವ ವಕೀಲರು ನಿಮಗೆ ಬೇಡ. ಕೊಟ್ಟ ಹಣಕ್ಕೆ ರಸೀದಿ ಕೇಳಿ. ಕೊಡದಿದ್ದರೆ ಬ್ಯಾಂಕಿನಿಂದಲೋ ಫೋನಿನಿಂದಲೋ ಕಳಿಸಿ, ಗುರುತು ಉಳಿಯುತ್ತದೆ.

"ಗೆದ್ದರೆ ಬಂದದ್ದರಲ್ಲಿ ಕಾಲುಭಾಗ ಕೊಡಿ, ಈಗ ಏನೂ ಬೇಡ" ಎಂದು ಹೇಳುವವರು ಇದ್ದಾರೆ. ಕೇಳಲು ಹಿತವಾಗಿರುತ್ತದೆ. ನಮ್ಮ ದೇಶದಲ್ಲಿ ಅದು ನಿಷಿದ್ಧ. ಕೇಸಿನ ಫಲದಲ್ಲಿ ವಕೀಲರು ಪಾಲು ಕೇಳುವಂತಿಲ್ಲ. ಇನ್ನು ವಕಾಲತ್ತು. ವಕೀಲ ಎಂಬುದು ಅರಬ್ಬಿಯಿಂದ ಬಂದ ಪದ ಮಕ್ಕಳೇ, ಇನ್ನೊಬ್ಬರ ಪರವಾಗಿ ನಿಲ್ಲುವವನು ಎಂದು ಅರ್ಥ. ಹಾಗೆ ನಿಲ್ಲಲು ಒಪ್ಪಿಗೆ ಕೊಡುವ ಕಾಗದವೇ ವಕಾಲತ್ತು. ಅದಕ್ಕೆ ಸಹಿ ಹಾಕಲೇಬೇಕು. ಆದರೆ ಏನೂ ಬರೆಯದ ಖಾಲಿ ಹಾಳೆಗೆ ಹಾಕಬಾರದು. ಓದಲು ಬಾರದ ಅಜ್ಜಿಯಂದಿರು ಮೊಮ್ಮಗುವನ್ನು ಕರೆದುಕೊಂಡು ಹೋಗಿ ಓದಿಸಿ. ಮದುವೆಯ ಕರೆಯೋಲೆ, ಫೋಟೋ, ಜನನ ಪ್ರಮಾಣಪತ್ರ, ಶಾಲೆ ಫೀಸಿನ ರಸೀದಿ, ಎಲ್ಲದರ ಜೆರಾಕ್ಸ್ ಕೊಡಿ, ಮೂಲಪ್ರತಿ ಟ್ರಂಕಿನಲ್ಲೇ ಇರಲಿ. ಕೋರ್ಟು ಕೇಳಿದ ದಿನ ತೋರಿಸಿದರಾಯಿತು. ಮುಂದೆ ವಕೀಲರ ಜೊತೆ ಹೊಂದಾಣಿಕೆ ಆಗದೆ ಬೇರೆಯವರ ಬಳಿ ಹೋಗಬೇಕಾದರೆ, "ಬಾಕಿ ಫೀಸು ಕೊಡುವವರೆಗೆ ಫೈಲು ಕೊಡುವುದಿಲ್ಲ" ಎಂದು ಹಿಡಿದಿಟ್ಟುಕೊಳ್ಳಲು ಅವರಿಗೆ ಹಕ್ಕಿಲ್ಲ. ಸುಪ್ರೀಂ ಕೋರ್ಟು 2000ದಲ್ಲೇ ಇದನ್ನು ಹೇಳಿಬಿಟ್ಟಿದೆ. ಬಾಕಿ ಇದ್ದರೆ ಅದನ್ನು ಬೇರೆ ದಾರಿಯಲ್ಲಿ ವಸೂಲಿ ಮಾಡಿಕೊಳ್ಳಲಿ.

ಮಕ್ಕಳಿಗೂ ಒಂದು ಕೆಲಸವಿದೆ. ಪ್ರತಿ ಕೇಸಿಗೆ ಸಿಎನ್‌ಆರ್ ಎಂಬ 16 ಅಕ್ಷರ, ಅಂಕಿಗಳ ಗುರುತು ಇರುತ್ತದೆ. ನಮ್ಮ ರಾಜ್ಯದ್ದು 'ಕೆಎ' ಎಂದು ಶುರುವಾಗುತ್ತದೆ. ವಕೀಲರಿಂದ ಅದನ್ನು ಬರೆಸಿಕೊಂಡು ಬನ್ನಿ. ಇ-ಕೋರ್ಟ್ಸ್ ಎಂಬ ಸರ್ಕಾರದ ಆ್ಯಪಿನಲ್ಲಿ ಅದನ್ನು ಹಾಕಿದರೆ ಮುಂದಿನ ವಾಯಿದೆ ಯಾವತ್ತು, ಹಿಂದಿನ ಸಲ ಏನಾಯಿತು ಎಂದು ಕಾಣಿಸುತ್ತದೆ, ದುಡ್ಡಿಲ್ಲ. "ಕೇಸು ಮುಂದಕ್ಕೆ ಹೋಯಿತು, ಸಾವಿರ ಕೊಡಿ" ಎಂದು ಯಾರಾದರೂ ಹೇಳಿದರೆ ನಿಜವಾಗಿ ಆ ದಿನ ಕೇಸು ಇತ್ತೇ ಎಂದು ಮೊಮ್ಮಗಳೇ ನೋಡಿ ಹೇಳಬಹುದು. ಅಜ್ಜಿಗೆ ಓದಿ ಹೇಳು, ಕ್ಯಾಲೆಂಡರಿನಲ್ಲಿ ಸುತ್ತು ಹಾಕು. ಮಗ್ಗಿ ಬಾಯಿಪಾಠ ಮಾಡುವುದಕ್ಕಿಂತ ಕಷ್ಟವಲ್ಲ.

ಈಗ ಅಜ್ಜ ಅಜ್ಜಿಯರ ಪಾಲಿನ ಒಂದು ಮಾತು. ಮಗ ಊಟ ಹಾಕುವುದಿಲ್ಲ, ಮನೆ ಬರೆಸಿಕೊಂಡು ಹೊರಗೆ ಹಾಕಿದ ಎಂದು ಈ ಅಂಕಣಕ್ಕೆ ಪತ್ರಗಳು ಬರುತ್ತಲೇ ಇರುತ್ತವೆ. ಅವರಿಗಾಗಿ 2007ರ ಕಾಯ್ದೆಯೊಂದಿದೆ, ತಂದೆ ತಾಯಿಯರ ಮತ್ತು ಹಿರಿಯ ನಾಗರಿಕರ ಪೋಷಣೆಯದು. ಅರ್ಜಿ ಕೊಡುವುದು ಉಪವಿಭಾಗಾಧಿಕಾರಿಗಳ, ಅಂದರೆ ಎಸಿ ಸಾಹೇಬರ ಕಚೇರಿಯಲ್ಲಿ. ವಕೀಲರಿಲ್ಲದೆ ನಡೆಯಲೆಂದೇ ಆ ಕಾಯ್ದೆ ಮಾಡಿದ್ದು. ಅದರ 17ನೇ ಕಲಮಿನಲ್ಲಿ ವಕೀಲರ ಮೂಲಕ ಹಾಜರಾಗುವಂತಿಲ್ಲ ಎಂದೇ ಇದೆ. ಆಮೇಲೆ ಕೆಲವು ಹೈಕೋರ್ಟುಗಳು ಬೇರೆ ರೀತಿ ಹೇಳಿವೆ, ಇರಲಿ. ನಿಮಗೆ ಬೇಕಾದದ್ದು ಇಷ್ಟೇ: ವಕೀಲರಿಲ್ಲ ಎಂದು ಯಾರೂ ನಿಮ್ಮನ್ನು ವಾಪಸು ಕಳಿಸುವಂತಿಲ್ಲ. ನಡೆಯಲಾಗದಿದ್ದರೆ ನಿಮ್ಮ ಪರವಾಗಿ ಇನ್ನೊಬ್ಬರು ಅರ್ಜಿ ಕೊಡಬಹುದು. ಅಲ್ಲಿ ಸಿಗುವ ಜೀವನಾಂಶಕ್ಕೆ ಮೂಲ ಕಾಯ್ದೆಯಲ್ಲಿ ತಿಂಗಳಿಗೆ 10,000 ರೂಪಾಯಿಯ ಮಿತಿ ಇದೆ. ನೋಡಿಕೊಳ್ಳುತ್ತಾರೆ ಎಂಬ ಷರತ್ತಿನ ಮೇಲೆ ಬರೆದುಕೊಟ್ಟ ದಾನಪತ್ರವನ್ನು, ನೋಡಿಕೊಳ್ಳದಿದ್ದರೆ ರದ್ದು ಮಾಡಿಸಲೂಬಹುದು. ಆ ಷರತ್ತು ಪತ್ರದಲ್ಲೇ ಬರೆದಿರುವುದು ಒಳ್ಳೆಯದು. ಅಂದಹಾಗೆ ಮಕ್ಕಳೇ, ನೋಡಿಕೊಳ್ಳಬೇಕಾದವರ ಪಟ್ಟಿಯಲ್ಲಿ ಮಗ ಮಗಳ ಜೊತೆ ಮೊಮ್ಮಗ, ಮೊಮ್ಮಗಳೂ ಇದ್ದಾರೆ. 18 ತುಂಬುವವರೆಗೆ ನಿಮಗೆ ರಿಯಾಯಿತಿ.

ಇನ್ನು, ಪತ್ರ ಬರೆದ ಮಗುವಿನ ಎರಡನೆಯ ಪ್ರಶ್ನೆ.

ನಿನ್ನ ಅಮ್ಮ ಕೇಳುತ್ತಿರುವುದು ಜೀವನಾಂಶ ಮಾತ್ರವಾದರೆ ಆ ಪ್ರಶ್ನೆಯೇ ಬರುವುದಿಲ್ಲ. ಅದರಲ್ಲಿ ನೋಡುವುದು ಅಪ್ಪನ ಸಂಪಾದನೆ ಎಷ್ಟು, ಅಮ್ಮನದು ಎಷ್ಟು, ನಿಮ್ಮ ಖರ್ಚು ಎಷ್ಟು ಎಂಬುದನ್ನು. ನೀನು ಕೋರ್ಟಿಗೆ ಹೋಗಬೇಕಾಗಿಯೂ ಇಲ್ಲ, ಶಾಲೆ ತಪ್ಪಿಸಬೇಡ. ಅಪ್ಪನೋ ಅಮ್ಮನೋ "ಮಕ್ಕಳು ನನ್ನ ಬಳಿ ಇರಬೇಕು" ಎಂದು ಬೇರೆ ಅರ್ಜಿ ಹಾಕಿದರೆ ಮಾತ್ರ ಜಡ್ಜು ನಿನ್ನನ್ನು ಕಾಣಲು ಬಯಸಬಹುದು. ತಿಳಿವಳಿಕೆ ಬಂದ ಮಗುವಿನ ಇಷ್ಟವನ್ನು ಗಮನಕ್ಕೆ ತೆಗೆದುಕೊಳ್ಳಬಹುದು ಎಂದು 1890ರ ಹಳೆಯ ಕಾನೂನೇ ಹೇಳುತ್ತದೆ. ಸಿನಿಮಾದಲ್ಲಿ ತೋರಿಸುವ ಹಾಗೆ ಕಟಕಟೆಯಲ್ಲಿ ನಿಲ್ಲಿಸಿ, ಎಲ್ಲರ ಎದುರು ಅಪ್ಪನ ಕಡೆಗೋ ಅಮ್ಮನ ಕಡೆಗೋ ಬೆರಳು ತೋರಿಸು ಎನ್ನುವುದಿಲ್ಲ. ನಾನು ಕಂಡ ಹಾಗೆ, ಜಡ್ಜರು ಕೋಟು ತೆಗೆದಿಟ್ಟು ತಮ್ಮ ಕೊಠಡಿಯಲ್ಲಿ ಕೂರಿಸಿಕೊಂಡು ಮಾತಾಡುತ್ತಾರೆ. ಯಾವ ತರಗತಿ, ಯಾವ ವಿಷಯ ಇಷ್ಟ, ಮನೆಯಲ್ಲಿ ಯಾರು ಜಡೆ ಹಾಕುತ್ತಾರೆ, ಹೀಗೆ. ಒಬ್ಬ ಹುಡುಗ ಒಳಗೆ ಹೋದವನು ಅರ್ಧ ಗಂಟೆ ಕ್ರಿಕೆಟ್ ಮಾತಾಡಿ ಬಂದಿದ್ದ. ಕೊನೆಯ ತೀರ್ಮಾನ ಜಡ್ಜರದು. ಅದರ ಹೊರೆ ನಿನ್ನ ಮೇಲೆ ಹಾಕುವುದಿಲ್ಲ. ನಿನಗೆ ಅಪ್ಪನನ್ನೂ ನೋಡಬೇಕು ಅನ್ನಿಸಿದರೆ ಹಾಗೆಂದು ಹೇಳು. ಅಮ್ಮನಿಗೆ ಬೇಜಾರಾಗುತ್ತದೆ ಎಂದು ಮುಚ್ಚಿಡಬೇಕಾಗಿಲ್ಲ. ಗೊತ್ತಿಲ್ಲ ಎನ್ನಿಸಿದರೆ ಗೊತ್ತಿಲ್ಲ ಎಂದರೂ ಆಯಿತು.

ಸೋಮವಾರ ಹತ್ತೂವರೆಯ ಹೊತ್ತಿಗೆ ಅಮ್ಮ, ಅಜ್ಜಿ ಇಬ್ಬರೂ ಕೋರ್ಟಿಗೆ ಹೋಗಲಿ. ಅಮ್ಮನ ಆಧಾರ್ ಕಾರ್ಡಿನ ಜೆರಾಕ್ಸು, ನಿಮ್ಮಿಬ್ಬರ ಜನನ ಪ್ರಮಾಣಪತ್ರದ ಜೆರಾಕ್ಸು, ಅಪ್ಪ ಕೆಲಸ ಮಾಡುವ ಜಾಗದ ವಿಳಾಸ ಒಂದು ಚೀಟಿಯಲ್ಲಿ. ಟೀ ಅಂಗಡಿ ದಾಟಿ ನೇರ ಒಳಗೆ. ಏನಾಯಿತೆಂದು ನನಗೆ ಬರೆ, ಈ ಸಲವೂ ಹೆಸರು ಹಾಕುವುದಿಲ್ಲ.